ಕಾರು ಅಂಗಳದಲ್ಲೇ ಉಂಟು

ಸ್ನೇಹಿತರೇ, ನನ್ನ ಕಾರು ಮನೆಯ ಅಂಗಳದಲ್ಲೇ ಇದೆ. ಇದನ್ನು ಸಾರ್ವಜನಿಕವಾಗಿ ತಿಳಿಸಬೇಕಾಗಿ ಬಂದಿದೆ.

ಇವತ್ತು ಬೆಳಿಗ್ಗೆ ಬಂಟ್ವಾಳ ಪೇಟೆಯಲ್ಲಿ ಡಯಾಲಿಸಿಸ್ ರೋಗಿಗಳ ಸಹಾಯಾರ್ಥ ಸೈಕಲ್ ಜಾಥಾ ಇತ್ತು. ನಾನೂ ಮಗಳ ಸೈಕಲ್ ಹಿಡಿದು ಹೋಗಿದ್ದೆ. ಪಾಣೆಮಂಗಳೂರು ಸೇತುವೆ ದಾಟುವಷ್ಟರಲ್ಲಿ ಉಳಿದವರೆಲ್ಲ ಮುಂದೆ ಹೋಗಿಯಾಗಿತ್ತು. ಒಬ್ಬನೇ ತುಳಿಯುತ್ತಿದ್ದ ನನ್ನನ್ನು ದಿನಸಿ ಅಂಗಡಿಯ ಹಮೀದಾಕ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಶೆಟ್ರೇ, ಕಾರು ಎಂತ ಆಯ್ತು?"

"ಕಾರು ಮನೆಯಲ್ಲಿ ಉಂಟು. ಇದು ಬಡ ರೋಗಿಗಳಿಗಾಗಿ."

ಅವರು ಸೈಕಲಿನ ಗುಲಾಬಿ ಬುಟ್ಟಿ ನೋಡಿದರು, ನನ್ನ ಬೆವರು ನೋಡಿದರು. ಒಳಗೆ ಕೂರಿಸಿ ಲಿಂಬೆ ಶರಬತ್ತು ಕುಡಿಸಿದರು. ಹೊರಡುವಾಗ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಬೇಡಿ ಮಾರಾಯ್ರೆ, ಎಲ್ಲ ಸರಿ ಆಗ್ತದೆ. ನಾನು ಯಾರಿಗೂ ಹೇಳುವುದಿಲ್ಲ."

ನಾನು ಮನೆ ಮುಟ್ಟುವ ಮೊದಲೇ, ಕಾರು ಮಾರುವಂಥ ಕಷ್ಟ ಏನು ಬಂತೆಂದು ಕೇಳಲು ದುಬೈಯಿಂದ ಭಾವ ಫೋನ್ ಮಾಡಿದ್ದರು.

"ಊರಿಗೆಲ್ಲ ಗೊತ್ತುಂಟಂತೆ. ನೀವು ನನಗೆ ಮಾತ್ರ ಹೇಳ್ಲಿಲ್ಲ" ಎಂದಳು ಹೆಂಡತಿ, ಅದೇ ಕಾರಿನ ಪಕ್ಕದಲ್ಲಿ ನಿಂತು.

ಕೊನೆಗೆ ಕಾರಿಗೆ ಒರಗಿ ನಿಂತು ಫೋಟೊ ತೆಗೆಸಿ, ಪೇಟೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. "ಕಾರು ಇಲ್ಲೇ ಉಂಟು" ಎಂದೂ ಬರೆದೆ.

ಮೊದಲ ಉತ್ತರ ಹಮೀದಾಕರದ್ದು: "ಅವಸರದಲ್ಲಿ ಯಾರಿಗೂ ಕೊಡ್ಬೇಡಿ ಶೆಟ್ರೇ. ವಿಟ್ಲದಲ್ಲಿ ನನ್ನ ಪರಿಚಯದ ಒಳ್ಳೆ ಗಿರಾಕಿ ಉಂಟು."

ಗಿರಾಕಿ ಸಂಜೆ ಕಾರು ನೋಡಲು ಬರುತ್ತಾರಂತೆ. ಶರಬತ್ತಿಗೆ ಲಿಂಬೆ ತಂದಿಟ್ಟಿದ್ದೇನೆ.