ಲೋಡರಿನ ನಡುವಿನಿಂದ ಬಂದ ನನ್ನ ದನಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗುವುದು ಬೇಡ. ಅವತ್ತು ಆ ಲೋಡರಿನ ನಡುವಿನೊಳಗೆ ನನ್ನನ್ನು ಯಾರೂ ದಬ್ಬಲಿಲ್ಲ. ನಾನೇ ಹೋಗಿ, ಹೊಟ್ಟೆ ಒಳಗೆಳೆದುಕೊಂಡು, ಇಲಿ ಬೋನಿಗೆ ಹೊಕ್ಕಂತೆ ಹೊಕ್ಕೆ. ಇಲಿಗಾದರೂ ಒಳಗೊಂದು ಭಜಿ ತುಂಡಿನ ಆಸೆ ಇರುತ್ತದೆ. ನನಗಿದ್ದದ್ದು ಬರೀ ಹೊಟ್ಟೆಕಿಚ್ಚು.

ಇನ್ನೊಂದು ಮಾತು. ಇಂಥ ಕಥೆಗಳನ್ನು ನಾನು ನಂಬುತ್ತಿದ್ದವನಲ್ಲ. ಅಳ್ನಾವರದ ಕಾಡಿನ ರಸ್ತೆಯಲ್ಲಿ ಹೆಂಗಸೊಬ್ಬಳು ಕೈ ಅಡ್ಡ ಹಾಕಿ ಗಾಡಿ ನಿಲ್ಲಿಸುತ್ತಾಳೆ, ಹತ್ತಿಸಿಕೊಂಡರೆ ಸ್ವಲ್ಪ ದೂರ ಹೋಗುವುದರೊಳಗೆ ಮಾಯವಾಗುತ್ತಾಳೆ ಎಂದು ಡ್ರೈವರುಗಳು ಹೇಳಿದರೆ, "ತಿಕೀಟರ ತಗೊಂಡಿದ್ಲೇನ್ರಿ?" ಎಂದು ಕೇಳುತ್ತಿದ್ದೆ. ಅಷ್ಟಕ್ಕೇ ಬಿಡದೆ, ಆಕೆಯ ದನಿಯನ್ನೂ ಡ್ರೈವರಿನ ತೊದಲನ್ನೂ ಮಾಡಿ ತೋರಿಸುತ್ತಿದ್ದೆ. ಅಣಕಿಸುವುದು ನನಗೆ ಚಟ. ಗುಡಗೇರಿ ನಮ್ಮೂರು. ಅಲ್ಲಿಯ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವ ಮುದುಕಿ, ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಸಾರುವ ಮೂಗಿನ ದನಿ, ನಮ್ಮಪ್ಪ ಸಿಟ್ಟಿಗೆದ್ದಾಗ ಮೊದಲು ಕೆಮ್ಮುವುದು, ಎಲ್ಲ ನನ್ನ ಬಾಯಲ್ಲಿವೆ. ನನ್ನ ಸ್ವಂತ ದನಿ ಮಾತ್ರ ಹರಕು ಸೈಲೆನ್ಸರಿನಂಥದ್ದು, ಅದನ್ನು ಯಾರೂ ಅಣಕಿಸಲು ಹೋಗಿರಲಿಲ್ಲ. ಯಾಕೆ ಹೋಗುತ್ತಾರೆ? ಕೇಳುವುದೇ ಸಾಕಷ್ಟು ಶಿಕ್ಷೆ.

ಅಣ್ಣಿಗೇರಿ ದಾಟಿದ ಮೇಲೆ ಹೆದ್ದಾರಿಯ ಬಾಜೂ ಈರಣ್ಣ ಮಿಸ್ತ್ರಿಯವರ ಗ್ಯಾರೇಜಿದೆ. ಬೈಕು, ಕಾರು ಅಲ್ಲಿ ಬರುವುದಿಲ್ಲ. ರಸ್ತೆ ಕೆಲಸದ ರೋಲರು, ಗುಡ್ಡ ನೂಕುವ ಡೋಜರು, ಜಲ್ಲಿ ಖಡಿ ತುಂಬುವ ಲೋಡರು, ಇಂಥವು ಬರುತ್ತವೆ. ಎಮ್ಮೆ ಮೈ ತೊಳೆಯುವವರು ನಿಮ್ಮೂರಲ್ಲೂ ಇದ್ದಾರು, ನಾವು ಆನೆ ಮೈ ತೊಳೆಯುವವರು. ಆನೆ ಮಗ್ಗಲು ಬದಲಿಸಿದರೆ ತೊಳೆಯುವವ ಉಳಿಯುವುದಿಲ್ಲ, ಅದಕ್ಕೇ ಮಿಸ್ತ್ರಿ ಒಂದು ಪದ್ಧತಿ ಇಟ್ಟಿದ್ದಾರೆ. ಯಂತ್ರದೊಳಗೆ ಕೈ ಹಾಕುವವನು ಅದರ ಕೀಲಿಯನ್ನು ತನ್ನ ಉಡದಾರಕ್ಕೆ ಕಟ್ಟಿಕೊಳ್ಳಬೇಕು. ಕಿಸೆ ಹರಿಯಬಹುದು, ಮೊಳೆಗೆ ತೂಗಿಬಿಟ್ಟ ಕೀಲಿಯನ್ನು ಯಾರಾದರೂ ಎತ್ತಿಕೊಳ್ಳಬಹುದು, ಉಡದಾರವನ್ನಂತೂ ಜಳಕಕ್ಕೂ ಬಿಚ್ಚುವುದಿಲ್ಲವಲ್ಲ. ಕೀಲಿ ಯಾರ ಸೊಂಟದಲ್ಲಿದೆಯೋ ಯಂತ್ರ ಅವನದು. ಅವನು ಹೊರಗೆ ಬಂದು ತಾನೇ ಬಿಚ್ಚಿ ಕೊಡುವ ತನಕ ಮಾಲೀಕನೇ ಬಂದು ನಿಂತರೂ ಅದು ಚಾಲೂ ಆಗುವಂತಿಲ್ಲ. ನಾವು ಅಂಗಿ ಎತ್ತಿ ಸೊಂಟದಿಂದ ಕೀಲಿ ಬಿಚ್ಚುವಾಗ ಗಿರಾಕಿಗಳು ಮುಖ ತಿರುಗಿಸಿ ನಗುತ್ತಾರೆ. ನಗಲಿ. ನಮ್ಮ ಗ್ಯಾರೇಜಿನಲ್ಲಿ ಎಲ್ಲರ ಕೈಕಾಲು ಲೆಕ್ಕಕ್ಕೆ ಸರಿಯಾಗಿವೆ.

ಇನ್ನು ಮಂಜ್ಯಾನ ವಿಷಯ. ತಂಬೂರು ಎಂಬ ಹಳ್ಳಿಯವನು. ಕೆಲಸಕ್ಕೆ ನನ್ನ ಹಿಂದೆ ಬಂದವನು, ವಯಸ್ಸಿನಲ್ಲಿ ನನಗಿಂತ ಹಿರಿಯ. ಮಾತು ಕಡಿಮೆ. ಏನು ಹೇಳಿದರೂ ಗಂಟಲೊಳಗೇ "ಆತ್ರಿ, ನೋಡೂಣ್ರಿ" ಅನ್ನುತ್ತಾನೆ, ಆಮೇಲೆ ನಿಜವಾಗಿಯೂ ನೋಡುತ್ತಾನೆ. ಅದೇ ನನಗೆ ಸಂಕಟ. ಅವನು ಬರುವ ತನಕ ಗ್ಯಾರೇಜಿನಲ್ಲಿ ಮಿಸ್ತ್ರಿಯ ಬಲಗೈ ನಾನಾಗಿದ್ದೆ. ಬಂದ ಮೇಲೆ ಮಿಸ್ತ್ರಿಗೆ ಹೊಸ ಬಲಗೈ ಸಿಕ್ಕಿತು, ನಾನು ಎಡಗೈಯಾದೆ. ಎಡಗೈಗೆ ಎಂಥ ಕೆಲಸ ಬರುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

"ವಯಸ್ಸಿನಾಗ ದೊಡ್ಡಾಂವ ಅದಾನ, ಮಂಜಣ್ಣಾ ಅನ್ನಲೇ ಗಿಣಿ" ಎಂದು ಮಿಸ್ತ್ರಿ ಎಷ್ಟೋ ಸಲ ಹೇಳಿದರು. ಗಿಣಿ ಎಂದು ಅವರು ನನ್ನನ್ನು ಕರೆಯುತ್ತಾರೆ.

ನಾನು ಅವರದೇ ದನಿಯಲ್ಲಿ, ಅವರಂತೆಯೇ ಮೀಸೆ ಒರೆಸಿಕೊಂಡು, "ಗಿಣಿಗೆ ಎಲ್ಲಾ ಮಾತು ಬರ್ತಾವು, ಅದೊಂದು ಬರೂದಿಲ್ರಿ" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಮಂಜ್ಯಾನೂ ನಗುತ್ತಿದ್ದ. ಅವನು ನಕ್ಕರೆ ನನಗೆ ಇನ್ನಷ್ಟು ಉರಿ. ಅವನ "ಆತ್ರಿ, ನೋಡೂಣ್ರಿ" ಅನ್ನು ನಾನು ದಿನಕ್ಕೆಷ್ಟು ಸಲ ಅಣಕಿಸುತ್ತಿದ್ದೆನೋ. ಒಮ್ಮೆ ಫೋನಿನಲ್ಲಿ ಅವನ ಅವ್ವನ ಜೊತೆಗೇ ಅವನಾಗಿ ಮಾತಾಡಿದೆ. "ನೆಗಡಿ ಬಂದೈತೇನಪಾ?" ಎಂದು ಕೇಳಿದಳು, ಅಷ್ಟೇ ವ್ಯತ್ಯಾಸ.

ಆ ದಿನಗಳಲ್ಲಿ ನವಲಗುಂದದ ಕಡೆ ಕಾಲುವೆ ಕೆಲಸ ಹಿಡಿದಿದ್ದ ಗುತ್ತಿಗೆದಾರರೊಬ್ಬರು, ಅಲ್ಲೇ ಇದ್ದು ತಮ್ಮ ಯಂತ್ರಗಳನ್ನೆಲ್ಲ ನೋಡಿಕೊಳ್ಳಲು ಒಬ್ಬನನ್ನು ಕಳಿಸಿಕೊಡಿ ಎಂದು ಮಿಸ್ತ್ರಿಯನ್ನು ಕೇಳಿದ್ದರು. ಇರಲು ಕೋಣೆ, ತಿರುಗಲು ಜೀಪು, ಕೈಕೆಳಗೆ ನಾಲ್ಕು ಜನ. ಹೋಗುವವನನ್ನು ಎಲ್ಲರೂ ಮಿಸ್ತ್ರಿ ಅನ್ನುತ್ತಾರೆ. ಆ ಹೆಸರು ನನಗೆ ಬೇಕಾಗಿತ್ತು. ಈರಣ್ಣ ಮಿಸ್ತ್ರಿ ಯಾರ ಹೆಸರನ್ನೂ ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ಗುತ್ತಿಗೆದಾರರ ಲೋಡರು ದುರಸ್ತಿಗೆ ಬಂದಾಗ ಅದನ್ನು ಮಂಜ್ಯಾನಿಗೆ ಒಪ್ಪಿಸಿದರು. ನನಗೆ ಒಂದು ಹಳೆಯ ರೋಲರಿನ ತುಕ್ಕು ಉಜ್ಜಲು ಕೊಟ್ಟರು.

ಲೋಡರು ಹೇಗೆ ತಿರುಗುತ್ತದೆ ಎಂದು ಸ್ವಲ್ಪ ಹೇಳಬೇಕು. ಅದರ ಗಾಲಿ ಹೊರಳುವುದಿಲ್ಲ, ಇಡೀ ಮೈ ಹೊರಳುತ್ತದೆ. ಮುಂದಿನ ಅರ್ಧ, ಹಿಂದಿನ ಅರ್ಧ, ನಡುವೆ ಒಂದು ಕೀಲು. ಸ್ಟೇರಿಂಗ್ ತಿರುಗಿಸಿದರೆ ಇರುವೆ ನಡ ಬಾಗಿಸಿದ ಹಾಗೆ ಅಲ್ಲಿ ಬಾಗುತ್ತದೆ. ನೆಟ್ಟಗಿದ್ದಾಗ ಆ ಸಂದಿಯಲ್ಲಿ ಒಬ್ಬ ಮನುಷ್ಯ ಹಿಡಿಸುತ್ತಾನೆ. ಬಾಗಿದಾಗ ಒಂದು ಅಂಗೈ ಹಿಡಿಸಿದರೆ ಹೆಚ್ಚು. ಅದಕ್ಕೇ ಎರಡೂ ಅರ್ಧಗಳನ್ನು ಬಿಗಿಯಾಗಿ ಹಿಡಿಯಲು ಒಂದು ಕೆಂಪು ಬಣ್ಣದ ಕಬ್ಬಿಣದ ಸರಳಿರುತ್ತದೆ. ಒಳಗೆ ಹೋಗುವ ಮೊದಲು ಅದನ್ನು ಅಡ್ಡ ಹಾಕಿ ಪಿನ್ನು ಬಿಗಿಯಬೇಕು. ಗಾಡಿ ಓಡಿಸಿ ನೋಡುವಾಗ ಮಾತ್ರ ತೆಗೆಯಬೇಕು.

ಮಂಜ್ಯಾ ಆ ನಡುವಿನೊಳಗಿನ ಎಣ್ಣೆಯ ಪೈಪು ಬದಲಿಸಿದ್ದ. ಕೆಲಸ ಮುಗಿಸಿ, ಓಡಿಸಿ ನೋಡಬೇಕೆಂದು ಸರಳು ತೆಗೆದಿಟ್ಟು, ಅಷ್ಟರಲ್ಲಿ ಮಿಸ್ತ್ರಿ ಊಟಕ್ಕೆ ಮನೆಗೆ ಹೋದದ್ದರಿಂದ ತಾನೂ ರೊಟ್ಟಿ ಗಂಟು ಬಿಚ್ಚಲು ಹಿಂದಿನ ತಗಡಿನ ಶೆಡ್ಡಿಗೆ ಹೋದ. ಕೀಲಿ ಅವನ ಉಡದಾರದಲ್ಲೇ ಇತ್ತು. ಲೋಡರಿನ ಡ್ರೈವರು ರಸ್ತೆಯಾಚೆ ಬೇವಿನ ಮರದ ಕೆಳಗೆ ಟಾವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ್ದ. ಸುಡುಸುಡು ಮಧ್ಯಾಹ್ನ. ಎರೆಹೊಲದ ಕಡೆಯಿಂದ ಬಿಸಿಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ.

ನನಗೊಂದು ಯೋಚನೆ ಬಂತು. ಒಂದೇ ಒಂದು ಹನಿ. ಮಂಜ್ಯಾ ಹಾಕಿದ ಪೈಪಿನಿಂದ ಒಂದು ಹನಿ ಎಣ್ಣೆ ಸೋರಿದ್ದು ಕಂಡರೆ ಸಾಕು, ಅದನ್ನು ಬೆರಳಿಗೆ ಹಚ್ಚಿಕೊಂಡು ಹೋಗಿ ಮಿಸ್ತ್ರಿಗೆ, "ನಿಮ್ಮ ಬಂಗಾರದಂಥಾ ಹುಡುಗನ ಕೆಲಸ ನೋಡ್ರಿ" ಎಂದು ತೋರಿಸಬಹುದು. ಸಣ್ಣ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸಂದಿಗೆ ಹೊಕ್ಕೆ. ಕೆಂಪು ಸರಳು ಹೊರಗಿದ್ದದ್ದು ಕಂಡಿತು. ಕಂಡೂ ಬಿಟ್ಟೆ. ಕೀಲಿ ಉಡದಾರದಲ್ಲಿದ್ದರೆ ಯಂತ್ರ ಏಳುವುದಿಲ್ಲ ಎನ್ನುವುದು ನಮಗೆ ಅಷ್ಟು ರೂಢಿಯಾಗಿತ್ತು. ಆ ಉಡದಾರ ನನ್ನದಲ್ಲ, ಹೊರಗೆ ರೊಟ್ಟಿ ತಿನ್ನುತ್ತಿದ್ದವನದು ಎನ್ನುವುದು ತಲೆಗೆ ಹೋಗಲಿಲ್ಲ.

ಹನಿ ಸಿಗಲಿಲ್ಲ. ಒರೆಸಿದ ಹಿತ್ತಾಳೆ ತಂಬಿಗೆಯ ಹಾಗೆ ಎಲ್ಲ ಲಕಲಕ. ಒಂದೊಂದು ಕ್ಲಿಪ್ಪೂ ಎಷ್ಟು ಬೇಕೋ ಅಷ್ಟೇ ಬಿಗಿ. ನೋಡುತ್ತ ಹೋದ ಹಾಗೆ ಸಿಟ್ಟು ಏರುತ್ತ ಹೋಯಿತು. ಅಷ್ಟರಲ್ಲಿ ಮಂಜ್ಯಾನ ಚಪ್ಪಲಿಯ ಸದ್ದು. ಪದ್ಧತಿಯಂತೆ ಅವನು ಯಂತ್ರದ ಸುತ್ತ ಒಂದು ಸುತ್ತು ಬಂದ. "ಒಳಗ ಯಾರರ ಅದೀರೇನ್ರೀ?" ಎಂದು ಕೂಗಿದ. ಆಗ ನಾನು ಹೂಂ ಅಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಅವನ ಕೆಲಸದಲ್ಲಿ ತಪ್ಪು ಹುಡುಕಲು ಹೊಕ್ಕವನು ಅವನ ಕೈಗೇ ಸಿಕ್ಕಿಬೀಳುವುದೇ? ಕಾಲು ಮಡಚಿ ಮೇಲೆಳೆದುಕೊಂಡು, ಉಸಿರು ಹಿಡಿದು ಕೂತೆ. ಹತ್ತಿ ನೋಡಿ ಇಳಿದು ಹೋಗುತ್ತಾನೆ, ಆಮೇಲೆ ಜಾರಿಕೊಂಡರಾಯಿತು ಎಂದುಕೊಂಡೆ.

ಅವನು ಹತ್ತಿದ. ಎಂಜಿನ್ ಎದ್ದಿತು.

ಲೋಡರಿನ ಎಂಜಿನ್ ಪಕ್ಕದಲ್ಲೇ ಎದ್ದಾಗ ಅದನ್ನು ಕಿವಿಯಿಂದ ಕೇಳುವುದಿಲ್ಲ, ಎಲುಬಿನಿಂದ ಕೇಳುತ್ತೀರಿ. ನನ್ನ ಬೆನ್ನ ಹಿಂದಿನ ಕಬ್ಬಿಣ ನಡುಗಿತು. ಕೂಗಬೇಕೆಂದುಕೊಂಡೆ. ದವಡೆ ಕಚ್ಚಿಕೊಂಡುಬಿಟ್ಟಿತ್ತು, ಟಾರ್ಚು ಹಲ್ಲಿನೊಳಗೆ ಹೂತಂತಿತ್ತು. ಊರಿನವರ ದನಿಯೆಲ್ಲ ತುಂಬಿಕೊಂಡಿದ್ದ ಬಾಯಿಂದ ಒಂದೂ ಹೊರಡಲಿಲ್ಲ. ಎದುರಿನ ಕಬ್ಬಿಣ ನನ್ನ ಕಡೆ ಒಂದು ಬೆರಳಿನಷ್ಟು ಬಂದದ್ದನ್ನು ಕಣ್ಣಾರೆ ಕಂಡೆ.

ಆಗ ನನ್ನ ಬಾಜೂ, ಕಿವಿಗೆ ಹತ್ತಿರವೇ, ಯಾರೋ ಮಾತಾಡಿದರು. ಕೂಗಿದ್ದಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಆಡಿದ ಹಾಗೆ.

"ಮಂಜಣ್ಣಾ, ತಡಿ. ನಡದಾಗ ಅದೀನಿ."

ಹರಕು ಸೈಲೆನ್ಸರಿನ ದನಿ. ನನ್ನದೇ.

ಎಂಜಿನ್ ನಿಂತಿತು. ಮಂಜ್ಯಾ ಮೇಲಿಂದ ಜಿಗಿದ ಸದ್ದು. ಅವನು ಬಂದು ನನ್ನನ್ನು ನೋಡಿದ, ಮುಖ ಬೂದಿಯಾಗಿತ್ತು. ಆದರೂ ಮೊದಲು ಕೆಂಪು ಸರಳು ಎತ್ತಿ ಅಡ್ಡ ಹಾಕಿ, ಪಿನ್ನು ಬಿಗಿದು, ಆಮೇಲೆ ನನ್ನನ್ನು ಹೊರಗೆಳೆದ. ಅಂಥ ಗಾಬರಿಯಲ್ಲೂ ಸರಳು ಮೊದಲು! ಸಾಯುವುದರಿಂದ ಆಗಷ್ಟೇ ಉಳಿದಿದ್ದೆ, ಆದರೂ ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಟಾರ್ಚನ್ನು ನನ್ನ ಬಾಯಿಂದ ಅವನೇ ಬಿಡಿಸಿದ. ಅದರ ರಬ್ಬರಿನ ಮೇಲೆ ನನ್ನ ಹಲ್ಲಿನ ಗುರುತು ಇವತ್ತಿಗೂ ಇದೆ.

ಮಿಸ್ತ್ರಿ ಬಂದಾಗ ನಾನು ನೀರಿನ ಡ್ರಮ್ಮಿಗೆ ಒರಗಿ ಕೂತಿದ್ದೆ. ಮಂಜ್ಯಾ ನನಗಿಂತ ಮೊದಲೇ ಬಾಯಿ ತೆರೆದ. "ಏನಿಲ್ರಿ, ಒಳಗ ಪೈಪ್ ನೋಡಾಕತ್ತಿದ್ದ. ನಾ ಚಾಲೂ ಮಾಡಿದೆ. ಅಂವ ಒದರಿದ, ಬಂದ್ ಮಾಡಿದೆ."

ಮಿಸ್ತ್ರಿ ನನ್ನ ಬೆನ್ನಿಗೆ ಒಂದು ಬಾರಿಸಿದರು. "ಒದರಿದ್ಯಲ್ಲ, ಅಷ್ಟರ ಬುದ್ಧಿ ಐತಿ" ಅಂದರು. ನಾನು ಆಡದ ಮಾತಿಗೆ ನನಗೆ ಶಹಬ್ಬಾಸ್‌ಗಿರಿ ಸಿಕ್ಕಿತು.

ಅವತ್ತಿನಿಂದ ನಾನು ಇದಕ್ಕೊಂದು ಕಾರಣ ಹುಡುಕುತ್ತಿದ್ದೇನೆ. ಡ್ರೈವರನ್ನು ಕೇಳಿದೆ. ಎಂಜಿನ್ ಸದ್ದಿಗೆ ಎಚ್ಚರವಾಯಿತು, ಬೇರೇನೂ ಕೇಳಲಿಲ್ಲ ಅಂದ. ನನ್ನ ಫೋನು ಆಫೀಸಿನ ಗೋಡೆಗೆ ಚಾರ್ಜಿಗಿತ್ತು, ಅದರಲ್ಲಿ ನನ್ನ ದನಿ ಹಿಡಿದಿಟ್ಟದ್ದೂ ಇರಲಿಲ್ಲ. ಗಾಬರಿಯಲ್ಲಿ ನಾನೇ ಅಂದಿರಬೇಕು ಎಂದು ನೀವು ಅನ್ನಬಹುದು. ಟಾರ್ಚು ಕಚ್ಚಿಕೊಂಡು "ಮಂಜಣ್ಣಾ" ಅಂದು ನೋಡಿದೆ. ಗುಡಗೇರಿ ಸ್ಟೇಷನ್ನಿನ ದನಿಗಿಂತ ಕಡೆಯಾಗಿ ಬಂತು. ಕೊನೆಗೆ ಒಂದು ದಿನ ಮಂಜ್ಯಾನನ್ನು ಕಾಡಿ ಬೇಡಿ ಅದೇ ಲೋಡರು ಚಾಲೂ ಮಾಡಿಸಿದೆ. ಈ ಸಲ ಸಂದಿಗೆ ಹೋಗಲಿಲ್ಲ, ಅವನಿಗೆ ಮುಖ ಕಾಣುವಂತೆ ದೂರ ನಿಂತು, ಗಂಟಲು ಹರಿಯುವ ತನಕ ಒದರಿದೆ. ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ ಅಂದ. ಅಂಥ ಸದ್ದಿನಲ್ಲಿ ಸಾವಕಾಶ ಆಡಿದ ಮಾತು ಇಬ್ಬರಿಗೂ ಹೇಗೆ ಕೇಳಿತು?

ಇಷ್ಟು ವರ್ಷ ಎಲ್ಲರನ್ನೂ ಅಣಕಿಸಿದವನನ್ನು ಯಾರೋ ಅಣಕಿಸಿ ಹೋದರು. ಅದೂ ಎಷ್ಟು ಚಂದ! ನಾನು ಯಾರನ್ನೂ ಅಷ್ಟು ಚೊಕ್ಕ ಅಣಕಿಸಿಲ್ಲ, ಮಂಜ್ಯಾನ ಅವ್ವನಿಗೂ ನೆಗಡಿ ಎಂದಾದರೂ ಅನ್ನಿಸಿತ್ತು. ಭಯ ಆಮೇಲೆ ಬಂತು. ಮೊದಲು ಬಂದದ್ದು ಇದೇ, ನನ್ನ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಯಾರಪ್ಪಾ ಎನ್ನುವ ಉರಿ. ಕಾಣದವರ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಧಾರವಾಡ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ನವಲಗುಂದಕ್ಕೆ ಮಂಜ್ಯಾನೇ ಹೋದ. ಗುತ್ತಿಗೆದಾರರ ಜೀಪು ಬಂದು ನಿಂತಿತು. ಅವನ ಟ್ರಂಕು ಹಿಂದಕ್ಕೆ ಇಟ್ಟುಕೊಟ್ಟವನು ನಾನೇ. ಮಿಸ್ತ್ರಿ ಒಳಗಿದ್ದರು. ಕಿಟಕಿಗೆ ಕೈ ಊರಿ, ಎಷ್ಟೋ ಸಲ ಕೇಳಿದ್ದನ್ನೇ ಮತ್ತೆ ಕೇಳಿದೆ.

"ಖರೇ ಹೇಳ್ ಮಂಜ್ಯಾ, ಮಿಸ್ತ್ರಿ ಮುಂದ ನಾನ ಒದರಿದೆ ಅಂದಿ. ನಾನ ಹೌದಲ್ಲೋ?"

"ದನಿ ನಿಂದ" ಅಂದ ಅವನು, ಎಂದಿನಂತೆ ಗಂಟಲೊಳಗೇ. "ನೀ ಅಲ್ಲ."

"ದನಿ ನಂದಂತ, ನಾ ಅಲ್ಲಂತ. ಹ್ಯಾಂಗ ಹೇಳ್ತಿಲೇ?"

ಮಂಜ್ಯಾ ನನ್ನ ಕೈಯನ್ನು ಕಿಟಕಿಯಿಂದ ಮೆಲ್ಲಗೆ ತೆಗೆದು, ಗಾಡಿಯಿಂದ ದೂರ ಸರಿಸಿದ. ಡ್ರೈವರಿಗೆ ಹೋಗೂಣು ಎಂದು ಸನ್ನೆ ಮಾಡಿ, ನನ್ನ ಕಡೆ ತಿರುಗಿ ಅಂದ:

"ಅದು ನನಗ ಮಂಜಣ್ಣಾ ಅಂತು, ಲೇ. ಆ ಲೋಡರ್ ಪೂರಾ ನಿನ್ನ ಎದಿ ಮ್ಯಾಲೆ ಬಂದ್ರೂ ನೀ ನನಗ ಅಣ್ಣಾ ಅಂತಿದ್ದೇನು?"