ಮಾಷ್ಟ್ರ ಗಾಂಧಾರ

ಪಿಟೀಲು ಮಾಷ್ಟ್ರ ಎಡಗೈ ಬೆರಳ ತುದಿಗಳಲ್ಲಿ ತಂತಿ ಒತ್ತಿ ಒತ್ತಿ ಬಿದ್ದ ಕಪ್ಪು ಗೆರೆಗಳಿದ್ದವು. ಬೆರಳು ಸರಾಗವಾಗಿ ಜಾರಲೆಂದು ಪಾಠಕ್ಕೆ ಮೊದಲು ಒಂದು ತೊಟ್ಟು ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದರು. ಬೆಳುವಾಯಿಯ ಅವರ ಜಗಲಿಯಲ್ಲಿ ಏಳು ವರ್ಷ ಕಲಿತೆ. ಮಡಂತ್ಯಾರಿನಿಂದ ಬಸ್ಸು ಬದಲಿಸಿ ಹೋಗುತ್ತಿದ್ದ ನನಗೆ ಮೊದಲು ಮಜ್ಜಿಗೆ, ಆಮೇಲೆ ಬೈಗುಳ.

ಅವರಿಗೆ ತೋಡಿ ರಾಗವೆಂದರೆ ಪ್ರಾಣ. ಅದರ ಗಾಂಧಾರ ಸ್ವರವನ್ನು ಒಂದೇ ಕಡೆ ನಿಲ್ಲಿಸದೆ ತೂಗಾಡಿಸುವುದನ್ನು ಕಲಿಸಲಿಕ್ಕೇ ಒಂದು ಇಡೀ ಮಳೆಗಾಲ ತೆಗೆದುಕೊಂಡರು. "ಗಾಂಧಾರ ಸುಮ್ಮನೆ ನಿಂತ್ರೆ ಅದು ತೋಡಿ ಅಲ್ಲ ಮಾರಾಯ, ಬಸ್ಸಿನ ಹಾರ್ನು," ಎನ್ನುತ್ತಿದ್ದರು. ವಾದ್ಯವೃಂದವಂತೂ ಅವರಿಗೆ ಆಗದು. "ಇಪ್ಪತ್ತು ಜನ ಒಟ್ಟಿಗೆ ಬಾರಿಸಿದ್ರೆ ಯಾರ ಮನೋಧರ್ಮ ಕೇಳುವುದು?"

ನಾನೋ, ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಂಗೀತ ಕಲಿಸುವ ಕೆಲಸ ಸಿಕ್ಕಿದ್ದೇ ತಡ, ವಾದ್ಯವೃಂದದ ಹುಚ್ಚು ಹಿಡಿಸಿಕೊಂಡೆ. ಕೀಬೋರ್ಡು, ಗಿಟಾರು, ಡ್ರಮ್ಮು, ಹದಿನಾರು ಪಿಟೀಲು ಸೇರಿಸಿ ತೋಡಿಯನ್ನೇ ಸಂಯೋಜಿಸಿದೆ. ಗುರುಗಳನ್ನು ವೇದಿಕೆಯಲ್ಲಿ ಕೂರಿಸಿದರೆ ನನಗೂ ಮರ್ಯಾದೆಯೆಂದು ಕರೆದೆ. ಇಷ್ಟವಿಲ್ಲದಿದ್ದರೂ ನನಗಾಗಿ ಬಂದರು.

ಕೀಬೋರ್ಡಿನ ಜೊತೆ ಹೊಂದಬೇಕಾದರೆ ಗಾಂಧಾರ ನೇರ ನಿಲ್ಲಬೇಕಿತ್ತು. ವಿದ್ಯಾರ್ಥಿಗಳು ನಿಲ್ಲಿಸಿದರು. ಮಾಷ್ಟ್ರು "ನೋಡುವ" ಎಂದರು, ಬೆರಳು ಮಾತ್ರ ಕೇಳಲಿಲ್ಲ. ಮತ್ತೊಮ್ಮೆ ಹೇಳುವ ಧೈರ್ಯ ನನಗಾಗಲಿಲ್ಲ. ಕಾರ್ಯಕ್ರಮದ ದಿನ ಮೈಕಿನವನ ಕಿವಿಯಲ್ಲಿ, "ಮಾಷ್ಟ್ರ ಮೈಕು ಬಂದ್ ಮಾಡಿ" ಎಂದೆ. ಡ್ರಮ್ಮಿನ ಅಬ್ಬರದಲ್ಲಿ ಅವರ ಪಿಟೀಲು ಅವರಿಗೇ ಕೇಳಿಸಿರಲಿಕ್ಕಿಲ್ಲ. ಕಣ್ಣು ಮುಚ್ಚಿ ನುಡಿಸಿದರು. ಚಪ್ಪಾಳೆಯೆಲ್ಲ ನನಗೆ ಬಿತ್ತು.

ಮುಂದಿನ ವಾರ, ಮೈಕಿನವನು ಕೊಟ್ಟ ಅದರ ರೆಕಾರ್ಡಿಂಗ್ ಕೇಳಿಸಲು ಅವರ ಮನೆಗೆ ಹೋದೆ. ಪಿಟೀಲುಗಳು ಮಾತ್ರ ನುಡಿಯುವ ಭಾಗ ಬಂದಾಗ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಎರಡೆರಡು ಸಲ ಕೇಳಿದರು.

"ಇದರಲ್ಲಿ ನಾನು ಇದ್ದೇನಾ?"

"ಇದ್ದೀರಿ ಮಾಷ್ಟ್ರೇ."

"ಗಾಂಧಾರ ಅಲ್ಲಾಡುವುದೇ ಇಲ್ಲ ಅಲ್ವಾ! ನಾನು ಆಡಿಸಿದ್ದೇನೆ ಅಂತ ಗ್ರಹಿಸಿದ್ದು." ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಕೈ ಹೋಯ್ತು ಮಾರಾಯ. ಪ್ರಾಯ ಆಯ್ತಲ್ಲ."

ನಿಜ ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಿದ್ದರೆ ಮುಖಕ್ಕೆ ಉಗಿಯುತ್ತಿದ್ದರು, ಅಷ್ಟೇ. ಆ ಉಗುಳಿಗೆ ಹೆದರಿ, "ಹಾಗೇನಿಲ್ಲ" ಎಂದು ಗೊಣಗಿ ಎದ್ದು ಬಂದ ನನ್ನ ಮೇಲೆ ನನಗೆ ಇಂದಿಗೂ ಹೇಸಿಗೆ.

ಕೆಲವೇ ದಿನಗಳಲ್ಲಿ ಅವರ ಶಿಷ್ಯರು ಮೂವರು ನನ್ನಲ್ಲಿ ಪಾಠಕ್ಕೆ ಸೇರಿದರು. ನನ್ನ ಹೆಸರು ಕೇಳಿ ಬಂದರೆಂದು ಉಬ್ಬಿದೆ.

ಈ ವರ್ಷ ಮಾಷ್ಟ್ರು ತೀರಿಕೊಂಡರು. ಉತ್ತರಕ್ರಿಯೆಯ ದಿನ ಅವರ ಹೆಂಡತಿ ಹೇಳಿದರು, "ನಿಮ್ಮ ಆ ಕಾರ್ಯಕ್ರಮದ ನಂತರ ಅವರು ಪಿಟೀಲು ಮುಟ್ಟಲೇ ಇಲ್ಲ. ಹಾಳಾದ ಕೈಯಲ್ಲಿ ಮಕ್ಕಳಿಗೆ ಹೇಳಿಕೊಡ್ಬಾರ್ದು, ಅವನಲ್ಲಿಗೆ ಹೋಗ್ಲಿ, ಅವನದ್ದು ಒಳ್ಳೆ ಕೈ ಉಂಟು ಅಂತ ನಿಮ್ಮಲ್ಲಿಗೆ ಕಳಿಸಿದ್ದು."

ಅವರ ಕೈ ಸರಿಯಾಗಿಯೇ ಇತ್ತಮ್ಮ ಎಂಬ ಮಾತು ಗಂಟಲವರೆಗೆ ಬಂತು.

"ಊಟ ಮಾಡಿಯೇ ಹೋಗ್ಬೇಕು," ಎಂದರು ಅವರು.

ಪಂಕ್ತಿಯಲ್ಲಿ ಕೂತು, ಪಾಯಸದವರೆಗೂ ಉಂಡು ಬಂದೆ.