ಶುಭ ಕೋರುವವರ ನಡುವೆ ಒಂದು ಎಣ್ಣೆ ಬಾಟಲಿ

ಗೆಳೆಯರೇ, ನನ್ನ ಮೊದಲ ಪೋಸ್ಟರ್ ಇವತ್ತು ಬೆಳಿಗ್ಗೆ ರಿಜೆಕ್ಟ್ ಆಯಿತು. ಬಿ.ಕಾಂ. ಮುಗಿಯುವುದರೊಳಗೆ ಸ್ವಲ್ಪ ಪಿಆರ್ ಅನುಭವ ಇರಲಿ ಎಂದು, ಬೈಲಹೊಂಗಲದಲ್ಲಿರುವ ನಮ್ಮ ಬಸಲಿಂಗ ಕಾಕಾನ ಎಣ್ಣೆ ಗಾಣದ ಇನ್‌ಸ್ಟಾಗ್ರಾಂ ಪುಟ ನೋಡಿಕೊಳ್ಳುತ್ತಿದ್ದೇನೆ. ಆನ್‌ಲೈನ್ ಕೋರ್ಸಿನಲ್ಲಿ ಕಲಿತ ಹಾಗೆ, ಬಿಳಿ ಹಿನ್ನೆಲೆಯಲ್ಲಿ ಕುಸುಬಿ ಎಣ್ಣೆಯ ಬಾಟಲಿ ಒಂದನ್ನೇ ಇಟ್ಟಿದ್ದೆ.

ಕಾಕಾ ಕೇಳಿದ: "ಶುಭ ಕೋರುವವರು ಎಲ್ಲದಾರ?"

"ಕಾಕಾ, ಇದು ಬರ್ತ್‌ಡೇ ಬ್ಯಾನರ್ ಅಲ್ಲೋ!"

"ತಮ್ಮ ಫೋಟೋ ಇಲ್ಲದ್ದನ್ನ ಯಾರರ ಸ್ಟೇಟಸ್ ಇಡ್ತಾರೇನವಾ? ಸುಮ್ನ ಹಾಕು."

ಕಟಕೋಳದ ಬೀಗರಿಂದ ಹಿಡಿದು ಯರಗಟ್ಟಿಯ ವ್ಯಾಪಾರಿಗಳವರೆಗೆ ಎಲ್ಲರ ಮುಖ ಅಂಟಿಸಿದೆ. ನಡುವೆ ಕಾಕಾ ಕೈಮುಗಿದು ನಿಂತ. ಬಾಟಲಿ ಮೂಲೆಗೆ ಸರಿಯಿತು. ಮಧ್ಯಾಹ್ನದೊಳಗೆ ಆ ಮುಖಗಳೆಲ್ಲ ಪೋಸ್ಟರನ್ನು ತಮ್ಮ ತಮ್ಮ ವಾಟ್ಸಾಪ್ ಸ್ಟೇಟಸ್‌ಗೆ ಏರಿಸಿದ್ದವು. ಇದನ್ನು ಕೋರ್ಸಿನಲ್ಲಿ ಯಾಕೆ ಕಲಿಸುವುದಿಲ್ಲ ಎಂದು ನಾನು ಬೆರಗಿನಿಂದ ನೋಡುತ್ತಿರುವಾಗ ರಾಮದುರ್ಗದ ಯಾರೋ ಒಬ್ಬರು ನಮ್ಮ ಪುಟದಲ್ಲಿ ಕಮೆಂಟ್ ಹಾಕಿದರು: "ಅಭಿನಂದನೆಗಳ್ರಿ. ಯಾವ ಇಲೆಕ್ಷನ್ ಗೆದ್ರಿ?"

ನಾನು ಉತ್ತರ ಹುಡುಕುವಷ್ಟರಲ್ಲಿ ಕಾಕಾನೇ "ನಿಮ್ಮೆಲ್ಲಾರ ಆಶೀರ್ವಾದರಿ" ಎಂದು ಬರೆದುಬಿಟ್ಟಿದ್ದಾನೆ.

ಈಗ ಈ ಪುಟದಲ್ಲಿ ನಾನು ಪ್ರಚಾರ ಮಾಡಬೇಕಾದದ್ದು ಎಣ್ಣೆಯನ್ನೋ, ಕಾಕಾನನ್ನೋ?